ಪರಸಿ ಕಲ್ಲಿನ ಸೀಮೆಯಲ್ಲಿ ಸೂರಿಲ್ಲದವರು

ಕಲಬುರಗಿ ಬಿಟ್ಟ ರೈಲು ಶಹಾಬಾದ್ ಸಮೀಪಿಸಿತೆಂದು ಮೊದಲು ತಿಳಿಸುವುದು ಕಲ್ಲು. ಹಳಿಯ ಎರಡೂ ಬದಿ ಪರಸಿ ಎಂಬ ಹಾಸುಗಲ್ಲುಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿರುತ್ತಾರೆ. ಮುಂಬೈ ಚಾಳುಗಳ ನಡುಮನೆ, ಸೋಲಾಪುರದ ವಾಡೆಗಳ ಅಂಗಳ, ಹೈದರಾಬಾದಿನ ಅಡುಗೆಕಟ್ಟೆ, ನಮ್ಮ ಕಡೆಯ ಶಾಲೆ, ಆಸ್ಪತ್ರೆ, ಕಚೇರಿಗಳ ನೆಲ, ಎಲ್ಲೆಲ್ಲೂ ಈ ಊರಿನ ಕಲ್ಲು ಹಾಸಿದೆ. ನೆಲದಡಿ ಪದರು ಪದರಾಗಿ ಕೂತ ಸುಣ್ಣದ ಕಲ್ಲು ಇದು. ಹಾರೆ ಹಾಕಿ ಎಬ್ಬಿಸಿದರೆ ಹಾಳೆಯಂತೆ ಬಿಡಿಸಿಕೊಂಡು ಬರುತ್ತದೆ. ಅದನ್ನು ಎಬ್ಬಿಸುವವರು ಎಲ್ಲಿ ಮಲಗುತ್ತಾರೆ ಎಂದು ನೋಡುವುದಕ್ಕಾಗಿಯೇ ನಾನು ಶಹಾಬಾದಿನಲ್ಲಿ ಇಳಿದೆ.

ಖಣಿಗಳ ಕಡೆ ನಡೆದರೆ ದಾರಿಯುದ್ದಕ್ಕೂ ಪಾಲಿಶ್ ಮಾಡಿದ ಕಲ್ಲಿನ ಬಿಳಿ ರಾಡಿ. ಖಣಿಯ ದಂಡೆಯಲ್ಲಿ ಕೆಲವು ಗುಡಿಸಲುಗಳು. ಮೂರು ಕಡೆ ನೆಟ್ಟಗೆ ನಿಲ್ಲಿಸಿದ ಪರಸಿ, ಮೇಲೆ ತಗಡು, ತಗಡು ಗಾಳಿಗೆ ಹಾರದಂತೆ ಅದರ ಮೇಲೆ ಮತ್ತೆ ಒಡೆದ ಪರಸಿ. ಬೇಸಿಗೆಯಲ್ಲಿ 44 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಈ ಕಲ್ಲು ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು, ಎಷ್ಟು ವರ್ಷದಿಂದ ಇಲ್ಲಿದ್ದೀರಿ ತಾಯಿ ಎಂದು ಕೇಳಿದೆ. “ಮದಿವ್ಯಾಗಿ ಬಂದಾಗಿಂದ ಇದ್ದೀನ್ರೀ. ಖಣಿ ಮುಂದ ಹೋದ್ರ ಮನೀನೂ ಮುಂದ ಹೋಗ್ತದ” ಅಂದಳು. ಕಲ್ಲು ತೆಗೆದಷ್ಟು ಹೊಂಡ ಬೆಳೆಯುತ್ತದೆ, ಹೊಂಡ ಬೆಳೆದಂತೆ ಇವರು ಪರಸಿ ಕಿತ್ತು ಹಿಂದಕ್ಕೆ ನೆಡುತ್ತಾರೆ. ಮಕ್ಕಳು ಹುಟ್ಟಿ ಅವರ ಮದುವೆಯೂ ಆಗಿದೆ. ಒಂದೇ ಜಾಗದಲ್ಲಿ ಸತತ ಐದು ಮಳೆಗಾಲ ಕಳೆದ ನೆನಪು ಆಕೆಗಿಲ್ಲ.

ಸರಕಾರದ ಲೆಕ್ಕದಲ್ಲಿ ಈಕೆ ಮನೆಯಿಲ್ಲದವಳಲ್ಲ. ಜನಗಣತಿಯವರು ಮನೆಯಿಲ್ಲದವರೆಂದು ಬರೆದುಕೊಳ್ಳುವುದು ರಸ್ತೆಬದಿ, ಕಾಲುದಾರಿ, ದೊಡ್ಡ ಕೊಳವೆ, ಮೇಲ್ಸೇತುವೆಯ ಅಡಿ, ಗುಡಿಯ ಮಂಟಪ, ರೈಲು ನಿಲ್ದಾಣದಲ್ಲಿ ಮಲಗುವವರನ್ನು. 2011ರಲ್ಲಿ ಹಾಗೆ ಎಣಿಸಿದಾಗ ದೇಶದಲ್ಲಿ ಸಿಕ್ಕವರು 17.7 ಲಕ್ಷ. ತಲೆಯ ಮೇಲೆ ತಗಡಿದ್ದರೆ ಆ ಲೆಕ್ಕದಿಂದ ಆಚೆ. ಹಾಗೆ ನೋಡಿದರೆ ಈ ಸೀಮೆಯಲ್ಲಿ ಸೂರಿಲ್ಲದವರು ಎರಡು ಬಗೆ. ತಲೆ ಮೇಲೆ ಏನೋ ಇದ್ದು ಅದು ತಮ್ಮದೆನ್ನಲು ಕಾಗದವಿಲ್ಲದವರು ಒಂದು ಬಗೆ, ಏನೂ ಇಲ್ಲದವರು ಇನ್ನೊಂದು. ಶಹಾಬಾದಿನಿಂದ ಚಿಂಚೋಳಿಯವರೆಗೆ ಈ ಇಬ್ಬರೂ ನನಗೆ ಸಿಕ್ಕರು. ಮೊದಲನೆಯವರ ಕಡೆ ರಾಜ್ಯ ಸ್ವಲ್ಪ ನಡೆದು ಬಂದಿದೆ. ಎರಡನೆಯವರ ಕಡೆ ಹೆಜ್ಜೆಯನ್ನೇ ಎತ್ತಿಲ್ಲ ಎಂದು ವಾಡಿಯಲ್ಲಿ ಕಳೆದ ರಾತ್ರಿ ನನಗೆ ಅನ್ನಿಸಿತು.

ವಾಡಿ ಜಂಕ್ಷನ್ ಹಳೆಯ ನಿಲ್ದಾಣ. ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರು ಹಾಕಿಸಿದ ಹಳಿ 1874ರಲ್ಲಿ ಓಡಾಟಕ್ಕೆ ತೆರೆಯಿತು. ಮುಂಬೈ–ಚೆನ್ನೈ ದಾರಿಗೂ ಹೈದರಾಬಾದ್ ದಾರಿಗೂ ಕೂಡು ಇದು. ರಾತ್ರಿ ಹನ್ನೊಂದರ ಮೇಲೆ ಪ್ಲಾಟ್‌ಫಾರಂ ಮೇಲೆ ಮಲಗಿದವರಲ್ಲಿ ಗಾಡಿ ಕಾಯುವವರು ಯಾರು, ಗಾಡಿಯೇ ಇಲ್ಲದವರು ಯಾರು ಎಂದು ಚಹಾದವನಿಗೆ ಗೊತ್ತು. ಗಾಡಿ ಕಾಯುವವರು ಚೀಲಕ್ಕೆ ತಲೆಯಿಟ್ಟು ಮಲಗುತ್ತಾರೆ, ಇವರಿಗೆ ಚೀಲವಿಲ್ಲ. ಅವನು ತೋರಿಸಿದ ಕಡೆ ಹೋಗಿ ಒಬ್ಬ ಮುದುಕನ ಬಳಿ ಕೂತೆ.

“ಯಾವೂರು ಕಾಕಾ?”

“ವಾಡಿನೇ. ಮತ್ತ್ಯಾವ ಊರದ ನನಗ?”

ವ್ಯಾಗನ್ನಿಗೆ ಸಿಮೆಂಟ್ ಚೀಲ ತುಂಬುವ ಹಮಾಲಿ ಮಾಡುತ್ತಿದ್ದನಂತೆ. ಇಲ್ಲಿನ ಎಸಿಸಿ ಕಾರ್ಖಾನೆ 1968ರಿಂದ ನಡೆಯುತ್ತಿದೆ, ಅದರ ಸುತ್ತ ಹಮಾಲಿ, ಲಾರಿ, ಚಹಾ, ಖಾನಾವಳಿ ಎಂದು ಊರು ಬೆಳೆದಿದೆ. ಒಂದು ದಿನ ಚೀಲದ ಸಾಲು ಜಾರಿ ಇವನ ಮೊಣಕಾಲು ಹೋಯಿತು. “ಕಾಲು ಹೋತು, ಕೆಲಸ ಹೋತು. ಬಾಡಿಗಿ ಕೊಡ್ಲಿಲ್ಲಂತ ಖೋಲಿ ಹೋತು. ಹೆಣ್ತಿ ಮೊದಲೇ ಹೋಗಿದ್ಳು. ಮಗ ಪುಣೇದಾಗ ಇದ್ದಾನಂತ, ಅವನೂ ನನ್ನಂಗೇ ಯಾರದೋ ಖೋಲ್ಯಾಗ.” ಎಷ್ಟು ವರ್ಷವಾಯಿತು ಎಂದರೆ ಬೆರಳು ಎಣಿಸಲು ಹೋಗಿ ಬಿಟ್ಟುಬಿಟ್ಟ.

ವೃದ್ಧಾಪ್ಯ ವೇತನ ಬರುತ್ತದೆಯೇ ಎಂದು ಕೇಳಿದೆ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಉಂಟು. ಅದಕ್ಕೆ ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು. ಎರಡಕ್ಕೂ ವಿಳಾಸ ಬೇಕು. ಅನ್ನಭಾಗ್ಯದ ಅಕ್ಕಿಗೆ ಪಡಿತರ ಚೀಟಿ, ಚೀಟಿಗೆ ಮನೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಹೆಸರಿರುವ ಹೆಣ್ಣಿಗೆ. ಮನೆಯೇ ಇಲ್ಲದ ಹೆಣ್ಣು ಯಾವುದರ ಯಜಮಾನಿ? ನಮ್ಮ ನಾಡಿನ ಕಲ್ಯಾಣ ಯೋಜನೆಗಳು ಒಂದರ ಮೇಲೊಂದು ಕೂತಿವೆ, ಕಟ್ಟಕಡೆಗೆ ಅವೆಲ್ಲ ನಿಂತಿರುವುದು ಮನೆಯ ಮೇಲೆ. ಮನೆ ಕಳೆದುಕೊಂಡವನಿಗೆ ಅಕ್ಕಿ, ಪಿಂಚಣಿ, ಮತ ಎಲ್ಲವೂ ಒಟ್ಟಿಗೇ ಕಳೆಯುತ್ತವೆ. ಇದನ್ನು ಮುದುಕ ನನ್ನಷ್ಟು ಮಾತು ಖರ್ಚು ಮಾಡದೆ ಹೇಳಿದ: “ಆಫೀಸಿನಾಗ ಎಲ್ಲಿರ್ತಿ ಅಂತ ಕೇಳ್ತಾರ. ಟೇಸನ್ನಾಗ ಅಂದ್ರ ನಗ್ತಾರ.”

ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಬಟ್ಟೆಯ ಗಂಟುಗಳನ್ನು ಸುತ್ತ ಜೋಡಿಸಿಕೊಂಡು ತನ್ನಷ್ಟಕ್ಕೆ ತಾನು ಮಾತಾಡುತ್ತಿದ್ದಳು. ಅವಳ ಮಾತು ಕನ್ನಡವಲ್ಲ, ತೆಲುಗಲ್ಲ, ಮರಾಠಿಯಲ್ಲ. ಯಾವ ಗಾಡಿ ತಂದು ಬಿಟ್ಟಿತೋ ಯಾರಿಗೂ ತಿಳಿಯದು. ಇಂಥವರ ಬಗ್ಗೆ ಕಾಯ್ದೆ ಸುಮ್ಮನಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಬಿಪಿಎಲ್ ಚೀಟಿ ಇರಲಿ ಬಿಡಲಿ ಚಿಕಿತ್ಸೆ ಉಚಿತ ಎನ್ನುತ್ತದೆ. ಸಮಾಜದ ನಡುವೆ ಬದುಕುವ ಹಕ್ಕು ಅವರಿಗಿದೆ ಎಂದೂ ಬರೆದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಜ್ಞರು ಬರುವ ಮನೋಚೈತನ್ಯ ಎಂಬ ಒಳ್ಳೆಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಆದರೆ ಮಂಗಳವಾರ ಯಾರೋ ಪುಣ್ಯಾತ್ಮರು ಈಕೆಯನ್ನು ಕರೆದೊಯ್ದು ಗುಳಿಗೆ ಕೊಡಿಸಿದರು ಎಂದಿಟ್ಟುಕೊಳ್ಳಿ. ಅದೇ ರಾತ್ರಿ ಆಕೆ ಮರಳುವುದು ಈ ಪ್ಲಾಟ್‌ಫಾರಮ್ಮಿಗೆ. ಆ ಗುಳಿಗೆಗಳನ್ನು ಎಲ್ಲಿಡಬೇಕು? ಯಾರ ಭಯವೂ ಇಲ್ಲದೆ ಎಲ್ಲಿ ನಿದ್ದೆ ಮಾಡಬೇಕು?

ಇವರಿಗಾಗಿ ನಾವು ಬಹಳ ಹಿಂದೆಯೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ, ಅದು ಹಿಡಿದು ಹಾಕುವ ವ್ಯವಸ್ಥೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಅದರ ಪ್ರಕಾರ ಬೇಡುವವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಬಹುದು. ಇದರ ಖರ್ಚಿಗೆಂದು ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಉಪಕರವನ್ನು ಮನೆಯುಳ್ಳವರೆಲ್ಲ ಕಟ್ಟುತ್ತೇವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಜನ ಸತ್ತಾಗ ನಾಡು ಬೆಚ್ಚಿತು. ಪ್ಲಾಟ್‌ಫಾರಮ್ಮಿನ ಮಂದಿಗೆ ಇಂಥ ಸುದ್ದಿ ಬೇಗ ತಲುಪುತ್ತದೆ. ಕೇಂದ್ರದ ಗಾಡಿ ಬಂತೆಂದರೆ ಅವರು ಓಡುವುದು ಅದಕ್ಕೇ. ರಕ್ಷಿಸಲು ಬಂದವರನ್ನು ಕಂಡು ಜನ ಓಡುತ್ತಾರೆಂದರೆ ತಪ್ಪು ಓಡುವವರದಲ್ಲ.

ಬೆಳಗಿನ ಪ್ಯಾಸೆಂಜರಿನಲ್ಲಿ ಚಿತ್ತಾಪುರಕ್ಕೆ ಹೊರಟಾಗ ನನ್ನ ತಲೆಯಲ್ಲಿ ಫಿನ್‌ಲ್ಯಾಂಡ್ ಇತ್ತು. ಕೊರೆಯುವ ಚಳಿಯ ದೇಶ. 1980ರ ದಶಕದಲ್ಲಿ ಅಲ್ಲಿ ಸೂರಿಲ್ಲದವರು ಸುಮಾರು 18 ಸಾವಿರ. ರಾತ್ರಿ ತಂಗುದಾಣ ಕಟ್ಟಿದರು, ಕುಡಿತ ಬಿಡು ಎಂದರು, ಶಿಸ್ತು ಕಲಿ ಎಂದರು, ಮೆಟ್ಟಿಲು ಹತ್ತಿ ಬಂದವನಿಗೆ ಕೊನೆಗೆ ಮನೆ ಎಂದರು. ಬಹಳ ಜನ ಮೆಟ್ಟಿಲಲ್ಲೇ ಉಳಿದರು. 2008ರಲ್ಲಿ ಅವರು ಕ್ರಮವನ್ನೇ ತಿರುಗಿಸಿದರು. ಮೊದಲು ಮನೆ, ಅವನ ಹೆಸರಿಗೇ ಬಾಡಿಗೆ ಕರಾರು, ಬೀಗದ ಕೈ ಅವನದೇ. ಕುಡಿತ, ಕಾಯಿಲೆ, ಸಾಲದ ಮಾತು ಆಮೇಲೆ, ಅದಕ್ಕೆ ಜೊತೆಗೊಬ್ಬ ಕಾರ್ಯಕರ್ತ. ತಂಗುದಾಣಗಳನ್ನೇ ಒಡೆದು ಸಣ್ಣ ಸಣ್ಣ ಮನೆ ಮಾಡಿದರು. 2022ರ ಹೊತ್ತಿಗೆ ಸಂಖ್ಯೆ 4 ಸಾವಿರದ ಒಳಗೆ ಬಂತು. ಇದೇ ದಾರಿಯನ್ನು ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ 1992ರಲ್ಲಿಯೇ ತೋರಿಸಿದ್ದರು.

ಶ್ರೀಮಂತ ದೇಶದ ಮಾತು ಎಂದು ತಳ್ಳಿಹಾಕುವವರಿಗೆ ಚೆನ್ನೈ ಇದೆ. ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು 1993ರಲ್ಲಿ ಬೀದಿಯಲ್ಲಿ ಅಲೆಯುವ ಮನೋರೋಗಿ ಹೆಂಗಸರಿಗಾಗಿ ಅಲ್ಲಿ ‘ದಿ ಬನಯನ್’ ಶುರುಮಾಡಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಾಗ ಹಳ್ಳಿಗಳಲ್ಲಿ, ಬಡಾವಣೆಗಳಲ್ಲಿ ಸಾಮಾನ್ಯ ಬಾಡಿಗೆ ಮನೆ ಹಿಡಿದು ನಾಲ್ಕೈದು ಜನರನ್ನು ಒಂದು ಮನೆಯವರಂತೆ ಇರಿಸಿದರು. ಜೊತೆಗೆ ನೆರವಿಗೆ ಊರಿನವರೇ ಒಬ್ಬರು. ಹೋಮ್ ಅಗೇನ್ ಎಂಬ ಹೆಸರಿನ ಈ ಕೆಲಸ 2015ರಿಂದ ನಡೆದು ಬೇರೆ ರಾಜ್ಯಗಳಿಗೂ ಹಬ್ಬಿದೆ. ಅಲ್ಲಿಯ ಹೆಂಗಸರು ತಾವೇ ಸಂತೆಗೆ ಹೋಗುತ್ತಾರೆ, ಅಡುಗೆ ಮಾಡುತ್ತಾರೆ, ಪಕ್ಕದ ಮನೆಯವರೊಡನೆ ಜಗಳವನ್ನೂ ಆಡುತ್ತಾರೆ. ವಾಡಿಯ ಪ್ಲಾಟ್‌ಫಾರಮ್ಮಿನ ಆಕೆಗೆ ಬೇಕಾದದ್ದು ಇದೇ.

ನಮ್ಮಲ್ಲಿ ಇರುವುದು ರಾತ್ರಿ ವಸತಿಯ ಯೋಜನೆ. 2010ರ ಚಳಿಗಾಲದಲ್ಲಿ ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಮಾತಾಡಿದ ಮೇಲೆ ಬಂದದ್ದು. ನಗರದ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ವಸತಿ, ತಲೆಗೆ 50 ಚದರ ಅಡಿ ಎಂಬುದು ಅದರ ಅಳತೆ. ಒಳ್ಳೆಯದೇ. ಆದರೆ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಯಾವುದೂ ಒಂದು ಲಕ್ಷದ ಊರಲ್ಲ. ಲಕ್ಷದ ಅಳತೆಗೋಲು ಹಿಡಿದರೆ ಜಂಕ್ಷನ್ನಿನ ಮುದುಕ ಯಾವ ಊರಿನ ಪಾಲಿಗೂ ಬರುವುದಿಲ್ಲ.

ಚಿತ್ತಾಪುರದಲ್ಲಿ ಇಳಿದು ನಾಗಾವಿಗೆ ಹೋದೆ. ಊರಿಗೆ ತಾಗಿದಂತೆ ಯಲ್ಲಮ್ಮನ ಗುಡಿ, ಸುತ್ತ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಅವಶೇಷ. ಇಲ್ಲಿನ ಘಟಿಕಾಸ್ಥಾನ ಹೆಸರಾದದ್ದು. 1058ರ ಶಾಸನ ಅದಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ: ವೇದ ಓದುವ ಇನ್ನೂರು ಜನ, ಶಾಸ್ತ್ರ ಓದುವ ಐವತ್ತು ಜನ, ಕಲಿಸುವವರು, ಪುಸ್ತಕ ಭಂಡಾರ ನೋಡಿಕೊಳ್ಳುವವರು, ಇವರೆಲ್ಲರ ಊಟ ವಸತಿಗೆ ಭೂಮಿಯ ಉತ್ಪತ್ತಿ. ಆ ಕಂಬಗಳ ನಡುವೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೆಕ್ಕ. ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ ಅವರು. ಅದರೊಳಗೆ ಬದುಕುವವರ ದಿನದ ಅನ್ನಕ್ಕೂ, ಅವರನ್ನು ನೋಡಿಕೊಳ್ಳುವವರ ಜೀವನಕ್ಕೂ ಹೊಲ ಬಿಟ್ಟರು. ಅದು ಓದುಬಲ್ಲ ಕೆಲವರಿಗಷ್ಟೇ ಸಿಕ್ಕ ಭಾಗ್ಯ, ಅದು ಬೇರೆ ಮಾತು. ನಾವು ಇಂದು ಕಟ್ಟುವುದಕ್ಕೆ ಹಣ ಕೊಡುತ್ತೇವೆ, ಕಟ್ಟಿದ ಮೇಲೆ ಅಲ್ಲಿರುವ ಮನುಷ್ಯನನ್ನು ನೋಡಿಕೊಳ್ಳುವ ಬಾಬತ್ತು ಬಜೆಟ್ಟಿನಲ್ಲಿ ಸಿಗುವುದಿಲ್ಲ.

ಮಳಖೇಡ ಚಿತ್ತಾಪುರಕ್ಕೂ ಸೇಡಂಗೂ ನಡುವೆ. ಮಾನ್ಯಖೇಟವೆಂದು ರಾಷ್ಟ್ರಕೂಟರು ಆಳಿದ ಊರು, ನೃಪತುಂಗನ ರಾಜಧಾನಿ. ಕೋಟೆಯ ಕೆಳಗೆ ಕಾಗಿಣಾ ಹರಿಯುತ್ತದೆ. 2020ರ ಅಕ್ಟೋಬರಿನಲ್ಲಿ ಈ ಹೊಳೆ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿಯ ಜನ ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾರೆ. ಇದೇ ಊರಿನ ಬಯಲಿನಲ್ಲಿ 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಲಂಬಾಣಿ ತಾಂಡಾಗಳ ಜನರಿಗೆ ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ. ದಾಖಲೆಯಲ್ಲೇ ಇಲ್ಲದ 1,475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಈ ಐದು ಜಿಲ್ಲೆಗಳಲ್ಲಿ ಗುರುತಿಸಲಾಗಿತ್ತು.

ಇದರ ಹಿಂದೆ ಒಂದು ಉದ್ದನೆಯ ದಾರಿ ಇದೆ. 1951ರ ಗೇಣಿದಾರರ ಕಾಗೋಡು ಸತ್ಯಾಗ್ರಹದ ಊರಿನವರಾದ ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದಾಗ ಭೂ ಕಾಯ್ದೆಗೆ ತಿದ್ದುಪಡಿ ತಂದು, ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಹಾಡಿಗಳಲ್ಲಿ ‘ವಾಸಿಸುವವನೇ ಮನೆಯ ಒಡೆಯ’ ಎಂಬ ತತ್ವ ತಂದರು. ದೇವರಾಜ ಅರಸರ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಆದದ್ದರ ಮುಂದಿನ ಹೆಜ್ಜೆ ಅದು. ಸರಕಾರಗಳು ಬದಲಾದವು, ಕೆಲಸ ನಿಲ್ಲಲಿಲ್ಲ. 2025ರ ಮೇ 20ರಂದು ಹೊಸಪೇಟೆಯಲ್ಲಿ ಇನ್ನೂ 1,11,111 ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಯಾವ ಪಕ್ಷದ ವೇದಿಕೆ ಎಂಬುದು ನನಗೆ ಮುಖ್ಯವಲ್ಲ. ತಲೆಮಾರುಗಟ್ಟಲೆ ಯಾರದೋ ಸರ್ವೆ ನಂಬರಿನಲ್ಲಿ ಇದ್ದವರು ಏಳು ಎಂದರೆ ಏಳಬೇಕಾದ ಭಯದಿಂದ ಹೊರಬಂದರು.

ಸೇಡಂನಲ್ಲಿ ನಾನು ಹೆಚ್ಚು ನಿಲ್ಲಲಿಲ್ಲ. ಊರನ್ನು ಸುತ್ತುವರಿದ ಸಿಮೆಂಟ್ ಕಾರ್ಖಾನೆಗಳ ಚಿಮಣಿ, ಕಾರ್ಖಾನೆ ಕಾಲೊನಿಗಳ ಅಚ್ಚುಕಟ್ಟು ಸಾಲುಮನೆ, ಕಂಪೌಂಡಿನ ಹೊರಗೆ ಗುತ್ತಿಗೆ ಕೂಲಿಗಳ ತಗಡಿನ ಶೆಡ್. ಶಹಾಬಾದಿನಲ್ಲಿ ಕಂಡದ್ದೇ ಇಲ್ಲಿ ಇನ್ನೊಂದು ಬಣ್ಣದಲ್ಲಿತ್ತು.

ಚಿಂಚೋಳಿ ಕಡೆ ಬಸ್ಸು ತಿರುಗಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಕರಿ ಎರೆಯ ತೊಗರಿ ಹೊಲ ಹಿಂದೆ ಸರಿದು ಕೆಂಪು ನೆಲ, ಗುಡ್ಡ, ಕುರುಚಲು ಕಾಡು ಬರುತ್ತವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು. ಅದರ ಅಂಚಿನಲ್ಲೂ ಒಳಗೂ ತಾಂಡಾಗಳು. ಒಳಗಿರುವವರಿಗೆ ಕಂದಾಯದ ಹಕ್ಕುಪತ್ರ ಸಿಗುವುದಿಲ್ಲ, ಅವರು ಹೋಗಬೇಕಾದದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ಬಾಗಿಲಿಗೆ. ಪರಿಶಿಷ್ಟ ಪಂಗಡದವರಾದರೆ ಅಲ್ಲಿ 2005ರ ಡಿಸೆಂಬರಿಗೆ ಮೊದಲು ಇದ್ದರೆ ಸಾಕು. ಉಳಿದವರು ಆ ಡಿಸೆಂಬರಿಗೆ ಹಿಂದಿನ 75 ವರ್ಷದ ವಾಸವನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಗುಡ್ಡದಾಚೆ ತೆಲಂಗಾಣದಲ್ಲಿ ಅವರ ಬೀಗರೇ ಪರಿಶಿಷ್ಟ ಪಂಗಡ. ಆಚೆ ಕಡೆಯ ಅಣ್ಣನಿಗೆ ಬೇಡದ ಪುರಾವೆಯನ್ನು ಈಚೆಯ ತಮ್ಮ ಎಲ್ಲಿಂದ ತರಬೇಕು? 2005ಕ್ಕೂ ಮುಕ್ಕಾಲು ಶತಮಾನ ಹಿಂದೆ ನಿಜಾಮರ ಕಾಲದಲ್ಲಿ ಅಲೆಯುತ್ತಿದ್ದ ಅಜ್ಜನ ಕೈಗೆ ಯಾರು ಕಾಗದ ಕೊಟ್ಟಿದ್ದರು?

ಕಾಡಿನ ಹೊರಗಿನ ಒಂದು ತಾಂಡಾದಲ್ಲಿ ಹಕ್ಕುಪತ್ರ ಬಂದಿತ್ತು. ನನ್ನನ್ನು ಜೀಪಿನಲ್ಲಿ ಕರೆತಂದ ಹುಡುಗ “ಯಾಡಿ” ಎಂದು ಕೂಗಿದ, ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ. ಒಬ್ಬ ಅಜ್ಜಿ ಹೊರಬಂದು, ಯಾಕೆ ಬಂದೆನೆಂದು ತಿಳಿದ ಮೇಲೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪತ್ರ ತಂದು ತೋರಿಸಿದಳು. ನೋಡಿ ಕೊಟ್ಟೆ. ತಾಂಡಾದ ಬಹಳಷ್ಟು ಬಾಗಿಲುಗಳಿಗೆ ಬೀಗ.

“ಎಲ್ಲಾರೂ ಎಲ್ಲಿ ಹೋಗ್ಯಾರ ಯಾಡಿ?”

“ಮುಂಬೈ, ಪುಣೆ, ಹೈದರಾಬಾದ. ದುಡ್ಯಾಕ ಹೋಗ್ಯಾರ ಯಪ್ಪಾ. ಹೋಳಿಗಿ ಬರ್ತಾರ, ಮತ್ತ ಹೋಗ್ತಾರ. ಮನೀ ಕಾಯಾಕ ನಾ ಇದ್ದೀನಿ.”

ಮನೆ ಕಟ್ಟಿಕೊಳ್ಳಲು ಸರಕಾರದ ಹಣ ಬರುವುದು ಕಂತಿನಲ್ಲಿ. ಅಡಿಪಾಯ, ಗೋಡೆ, ಛಾವಣಿ ಎಂದು ಹಂತ ಹಂತಕ್ಕೆ ಫೋಟೊ ಹೋಗಬೇಕು, ಆಮೇಲೆ ಕಂತು. ಮೊದಲ ಕಂತು ಬರುವ ಮುಂಚೆಯೇ ಕೈಯಿಂದ ಹಾಕಬೇಕು. ಆ ಕೈಗಡಕ್ಕಾಗಿ ಕೂಲಿಗೆ ಕರೆದೊಯ್ಯುವ ಮುಕಾದಮನಿಂದ ಮುಂಗಡ ತೆಗೆದು ಗುಳೆ ಹೋದವರ ಕಥೆಯನ್ನು ಜೀಪಿನ ಹುಡುಗ ದಾರಿಯಲ್ಲಿ ಹೇಳಿದ್ದ, ಅದರಲ್ಲಿ ಅವನ ಅಣ್ಣನೂ ಇದ್ದ. ಮನೆ ಕಟ್ಟಲು ಮನೆ ಬಿಟ್ಟವರು ಪುಣೆಯಲ್ಲಿ ಎದ್ದುನಿಲ್ಲುತ್ತಿರುವ ಕಟ್ಟಡದ ಬುಡದ ತಗಡಿನಡಿ ಮಲಗುತ್ತಾರೆ. ಹಾಗೆಂದು ಹಕ್ಕುಪತ್ರ ವ್ಯರ್ಥವೆಂದು ನಾನು ಹೇಳಲಾರೆ. ವಾಡಿಯ ಮುದುಕನಿಗೂ ಈ ಅಜ್ಜಿಯ ಮಕ್ಕಳಿಗೂ ಒಂದು ದೊಡ್ಡ ಅಂತರವಿದೆ. ಪುಣೆಯಲ್ಲಿ ಕಾಲು ಮುರಿದರೆ ಇವರು ಮರಳಿ ಬರಲು ಒಂದು ಬಾಗಿಲಿದೆ, ಆ ಬಾಗಿಲಲ್ಲಿ ಯಾಡಿ ಇದ್ದಾಳೆ, ಸುತ್ತ ತಾಂಡಾ ಇದೆ. ಮುದುಕನಿಗೆ ಮೂರೂ ಇಲ್ಲ.

ನನ್ನ ಮಾತು ಇಷ್ಟು. ತಾಂಡಾಕ್ಕೆ ಜನ ಮೊದಲೇ ಇದ್ದರು, ಕಾಗದ ಮಾತ್ರ ಬೇಕಿತ್ತು, ಹಾಗಾಗಿ ಕಾಗದ ಫಲಿಸಿತು. ಪ್ಲಾಟ್‌ಫಾರಮ್ಮಿನವರಿಗೆ ಜನವೇ ಕಳೆದುಹೋಗಿದ್ದಾರೆ. ಅವರಿಗೆ ನಾಲ್ಕು ಗೋಡೆ ಕೊಟ್ಟು ಬಂದರೆ ಸಾಲದು, ವಾರಕ್ಕೆರಡು ಸಲ ಬಂದು ಉಂಡೆಯಾ, ಗುಳಿಗೆ ನುಂಗಿದೆಯಾ, ಪಿಂಚಣಿ ಬಂತಾ ಎಂದು ಕೇಳುವ ಒಬ್ಬರನ್ನೂ ಕೊಡಬೇಕು, ಮತ್ತು ಅವರಿಗೆ ಸಂಬಳ ಕೊಡಬೇಕು. ಇದು ದೊಡ್ಡ ಖರ್ಚಲ್ಲ. ವಾಡಿಯಲ್ಲೂ ಶಹಾಬಾದಿನಲ್ಲೂ ನಾಲ್ಕೈದು ಜನರ ಕೆಲವು ಬಾಡಿಗೆ ಮನೆಗಳಿಂದ ಶುರುಮಾಡಬಹುದು. ಸಂವಿಧಾನದ 371(ಜೆ) ವಿಧಿಯಡಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಕೂತಿದೆ, ಅದು ಹಣ ಕೊಡಲಿ. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಆ ಉಪಕರವನ್ನು ಹಿಡಿದು ಹಾಕುವುದಕ್ಕೆ ಬದಲು ಮನೆಯಲ್ಲಿ ಇರಿಸುವುದಕ್ಕೆ ಬಳಸಲು ಕಾಯ್ದೆ ತಿದ್ದಬೇಕಾದರೆ ತಿದ್ದಲಿ.

ಅದಕ್ಕೂ ಮೊದಲು ಅವರನ್ನು ಎಣಿಸಬೇಕು. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮನೆಯಿಲ್ಲದವರನ್ನು ಅದರ ಹಿಂದಿನ ಒಂದೇ ರಾತ್ರಿಯಲ್ಲಿ ಎಣಿಸುವುದು ರೂಢಿ. ಗಣತಿದಾರರಾಗಿ ಬರುವ ಶಿಕ್ಷಕರಿಗೆ ಯಾರು ಎಲ್ಲಿ ಮಲಗುತ್ತಾರೆಂದು ತಿಳಿದಿರುವುದಿಲ್ಲ. ನಿಮ್ಮೂರಿನ ಚಹಾದವನಿಗೆ, ಹಮಾಲರಿಗೆ, ಬಸ್‌ಸ್ಟ್ಯಾಂಡ್ ಗುಡಿಸುವವರಿಗೆ, ದರ್ಗಾ ಮುಜಾವರನಿಗೆ ತಿಳಿದಿರುತ್ತದೆ. ಈಗಲೇ ಅವರನ್ನು ಕೇಳಿ ಪಟ್ಟಿ ಮಾಡಿಟ್ಟುಕೊಳ್ಳಿ, ಆ ರಾತ್ರಿ ಗಣತಿದಾರರ ಜೊತೆ ನೀವೂ ಹೋಗಿ, ಒಬ್ಬರ ಹೆಸರೂ ಬಿಟ್ಟುಹೋಗದಂತೆ ಬರೆಸಿ.